ಗಾಸ್ಬೆರ್ ನುಡಿಯದ ಸಾಕ್ಷಿ

ಮುದುಕ ಗಾಸ್ಬೆರ್ ಸತ್ತಿದ್ದನ್ನು ಮೊದಲು ಕಂಡವಳು ಸೌರಿನಾ. ಕಾಸ್ತೆಲ್‌ಮೆರ್ಲ್ ಕೋಟೆಯ ಅಡುಗೆಮನೆಯಿಂದ ದಿನವೂ ಬೆಳಿಗ್ಗೆ ರೊಟ್ಟಿ ನೆನೆಸಿದ ಬಿಸಿ ಸಾರನ್ನು ಅವನ ಕೋಣೆಗೆ ಒಯ್ಯುವುದು ಅವಳ ಪಾಲಿನ ಕೆಲಸ. ಅಂದು ಬಾಗಿಲು ತಟ್ಟಿದಾಗ ಒಳಗಿನಿಂದ ಕೆಮ್ಮು ಕೇಳಲಿಲ್ಲ. ತಳ್ಳಿ ನೋಡಿದರೆ ಮುದುಕ ಕಂಬಳಿಯ ಮೇಲೆಯೇ ಅಂಗಾತ ಮಲಗಿದ್ದ. ಸೊಂಟಕ್ಕೆ ಪಟ್ಟಿ ಬಿಗಿದಿತ್ತು, ಕಾಲಲ್ಲಿ ಜೋಡು ಇತ್ತು. ಮೈ ತಣ್ಣಗಾಗಿತ್ತು. ಮುಖದ ಬಳಿ ಬಗ್ಗಿದಾಗ ಗಸಗಸೆಕಾಯಿ ಕಷಾಯದ ಕಮಟು ವಾಸನೆ ಮೂಗಿಗೆ ಬಡಿಯಿತು.

ಸೌರಿನಾ ಕೂಗಿಕೊಳ್ಳಲಿಲ್ಲ. ಬೋಗುಣಿ ಕೆಳಗಿಟ್ಟು, ಹಾಸಿಗೆಯ ಪಕ್ಕದ ಪೆಟ್ಟಿಗೆಯ ಮೇಲಿದ್ದ ಅವನ ಮರದ ಬಟ್ಟಲನ್ನು ಎತ್ತಿಕೊಂಡಳು. ಹೂಜಿಯ ನೀರಿನಲ್ಲಿ ತೊಳೆದು ಆ ನೀರನ್ನು ಕಿಟಕಿಯಿಂದಾಚೆ ಚೆಲ್ಲಿದಳು. ಪೆಟ್ಟಿಗೆಯ ಮೇಲೆ ಏನೋ ಅಂಟಂಟಾಗಿ ಒಣಗಿತ್ತು. ಸೊಂಟಕ್ಕೆ ಕಟ್ಟಿದ್ದ ಕೆಲಸದ ಬಟ್ಟೆಯಿಂದ ಅದನ್ನೂ ಉಜ್ಜಿ ಒರೆಸಿದಳು. ಆಮೇಲೆ ಬಾಗಿಲಿಗೆ ಬಂದು ಜನರನ್ನು ಕೂಗಿದಳು. ಇದು ತನ್ನ ಒಡತಿ ಎರ್ಮೆಸೆನ್ ಮಾಡಿದ ಕೆಲಸ ಎಂದು ಆ ಗಳಿಗೆಯಲ್ಲಿ ಅವಳು ನಂಬಿಬಿಟ್ಟಿದ್ದಳು.

ಎರ್ಮೆಸೆನ್ ಆ ಕೋಟೆಯ ದೊರೆ ಐಮೆರಿಕನ ಹೆಂಡತಿ. ಸೌರಿನಾಳ ತಾಯಿ ಎರ್ಮೆಸೆನ್‌ಗೂ ತನ್ನ ಮಗಳಿಗೂ ಮೊಲೆಯುಣಿಸಿದವಳು. ಒಂದೇ ಹಾಲು ಕುಡಿದವರಲ್ಲಿ ಒಬ್ಬಳು ದೊರೆಸಾನಿಯಾಗಿ ಈ ಮನೆಗೆ ಬಂದಳು, ಇನ್ನೊಬ್ಬಳು ಅವಳ ಗಂಟುಮೂಟೆಯ ಜೊತೆಗೆ ಬಂದಳು. ನಾಲ್ಕು ಜನರ ಎದುರಿಗೆ ‘ಅಮ್ಮಾವ್ರು’, ಇಬ್ಬರೇ ಇದ್ದಾಗ ‘ಅಕ್ಕ’. ಆ ಸೀಮೆಯಲ್ಲಿ ಏನು ಕಳೆದರೂ ಯಾರ ಮೇಲೆ ಗುಮಾನಿ ಬಂದರೂ ಜನ ದೊರೆಗಿಂತ ಮೊದಲು ದೊರೆಸಾನಿಯ ಬಳಿಗೆ ಬರುತ್ತಿದ್ದರು. ಇಗರ್ಜಿಯ ಬೆಳ್ಳಿ ದೀಪ ಕದ್ದವನನ್ನು ಹಿಡಿದವಳು ಅವಳು. ಗಿರಣಿಯವನ ಕುದುರೆಗೆ ವಿಷ ಹಾಕಿದ್ದು ಅವನ ಸ್ವಂತ ಅಳಿಯ ಎಂದು ತೋರಿಸಿಕೊಟ್ಟವಳೂ ಅವಳೇ. ಅವಳು ಕೇಳುತ್ತ ಹೋಗುವಳು, ಸೌರಿನಾ ಪಕ್ಕದಲ್ಲಿ ನಿಂತು ನೋಡುತ್ತಿರುವಳು. ಅಂಥ ಒಡತಿಯ ಮೇಲೆಯೇ ಅನುಮಾನ ಬರಲು ಕಾರಣವಿತ್ತು.

ಎರ್ಮೆಸೆನ್‌ಗೆ ಹುಟ್ಟಿದ್ದು ಇಬ್ಬರು ಹೆಣ್ಣುಮಕ್ಕಳು. ಐಮೆರಿಕನಿಗೆ ಗಂಡುಮಗ ಬೇಕಿತ್ತು, ಅದಕ್ಕೆ ಬೇರೆ ಹೆಂಡತಿ ಬೇಕಿತ್ತು. ಮದುವೆ ಮುರಿಯಲು ಚರ್ಚಿನ ಕಟ್ಟಳೆಯಲ್ಲಿ ಒಂದು ಸಂದಿ ಇತ್ತು: ನಾಲ್ಕು ತಲೆಮಾರಿನೊಳಗೆ ಗಂಡಹೆಂಡಿರಲ್ಲಿ ರಕ್ತಸಂಬಂಧ ಇದ್ದರೆ ಆ ಮದುವೆ ನಿಲ್ಲದು. ಐಮೆರಿಕನ ಮುತ್ತಜ್ಜನೂ ಎರ್ಮೆಸೆನ್‌ಳ ಮುತ್ತಜ್ಜಿಯೂ ಒಡಹುಟ್ಟಿದವರು ಎಂಬ ಮಾತು ಎದ್ದಿತು. ಅದನ್ನು ಬಾಯಿಪಾಠವಾಗಿ ಬಲ್ಲವನು ಗಾಸ್ಬೆರ್ ಒಬ್ಬನೇ. ಐಮೆರಿಕನ ತಂದೆ, ತೀರಿಹೋದ ಒತೋನ್ ದೊರೆಯ ಗುರಾಣಿ ಹೊತ್ತು ಯುದ್ಧಗಳಿಗೆ ಹೋಗಿಬಂದವನು ಅವನು. ಆಮೇಲೆ ಕೋಟೆಯ ಮೇಸ್ತ್ರಿಕೆ ನೋಡಿಕೊಂಡವನು. ಎರಡೂ ಮನೆತನದ ಹುಟ್ಟು ಸಾವುಗಳು ಅವನ ನಾಲಿಗೆಯ ಮೇಲಿದ್ದವು. ಅವನು ಸಂತರ ಅಸ್ಥಿಯ ಮೇಲೆ ಕೈಯಿಟ್ಟು ಹೇಳಿದರೆ ಎರ್ಮೆಸೆನ್ ತವರಿಗೆ ಹೊರಡಬೇಕು, ಅವಳ ಹೆಣ್ಣುಮಕ್ಕಳು ಹಾದರಕ್ಕೆ ಹುಟ್ಟಿದವರೆನಿಸಬೇಕು. ವಿಚಾರಣೆಗೆಂದು ಬಿಷಪ್ಪರ ಕಡೆಯಿಂದ ಪಾದ್ರಿ ಎಲಿಯಾಸ್ ಬಂದಿಳಿದಿದ್ದರು. ತಂಗಿಯ ಪರವಾಗಿ ಮಾತಾಡಲು ಎರ್ಮೆಸೆನ್‌ಳ ಅಣ್ಣ ಇಸಾರ್ ಅದೇ ದಿನ ಕುದುರೆಯೇರಿ ಬಂದಿದ್ದ.

ಹಿಂದಿನ ಸಂಜೆ ಊಟದ ಮೇಜಿನಲ್ಲಿ ಎಲಿಯಾಸರು ಪ್ರಮಾಣದ ಕ್ರಮ ಹೇಳಿದ್ದರು. ಸಾಕ್ಷಿ ಹೇಳುವವನು ಏಣಿ ಹತ್ತಿದ ಹಾಗೆ ಒಂದೊಂದೇ ಮೆಟ್ಟಿಲು ಹೇಳಬೇಕು: ಐಮೆರಿಕ ಒತೋನನ ಮಗ, ಒತೋನ ಇಂಥವನ ಮಗ, ಅವನು ಇಂಥವನ ಮಗ ಎಂದು. ಪ್ರತಿಯೊಂದಕ್ಕೂ ‘ಇದು ನಾನು ಬಲ್ಲ ಸತ್ಯ’ ಎನ್ನಬೇಕು. ಮೇಜಿನ ತುದಿಯಲ್ಲಿ ನಿಂತಿದ್ದ ಗಾಸ್ಬೆರ್ ಮೆಲ್ಲಗೆ ಕೇಳಿದ, ಹಳಬರಿಂದ ಶುರುಮಾಡಿ ಒತೋನ್ ದೊರೆಗಳವರೆಗೆ ಬಂದು ನಿಲ್ಲಿಸಿದರೆ ಸಾಲದೇ ಎಂದು. ಸಾಲದು, ಎಲ್ಲ ಮೆಟ್ಟಿಲೂ ಬೇಕು ಎಂದರು ಎಲಿಯಾಸರು. ಹಾಗಿದ್ದರೆ ತನ್ನನ್ನು ಬಿಟ್ಟುಬಿಡಿ, ತನಗೆ ವಯಸ್ಸಾಯಿತು ಎಂದ ಮುದುಕ. ಐಮೆರಿಕನಿಗೆ ರೇಗಿತು.

“ಈ ಮನೆ ರೊಟ್ಟಿ ತಿಂದ ನಾಯಿ ಕೂಡ ಕರೆದ್ರೆ ಬರುತ್ತೆ,” ಎಂದ. “ನಿನಗೆ ಅಷ್ಟೂ ಇಲ್ವಾ?”

ಮುದುಕ ತಲೆ ತಗ್ಗಿಸಿದ. ಐಮೆರಿಕನ ತಾಯಿ ಬ್ರೂನಿಸೆಂದಾ ಅಕ್ರೋಟಿನ ಮೇಲೆ ಜೇನು ಸುರಿದುಕೊಳ್ಳುತ್ತಿದ್ದವಳು ಒಂದು ಗಳಿಗೆ ಕೈ ತಡೆದಳು. ಜೇನಿಲ್ಲದೆ ಆ ಮುದುಕಿಗೆ ಏನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೊಮ್ಮಗ ಬೇಕೆಂದು ಮಗನನ್ನು ವರ್ಷಗಟ್ಟಲೆ ಚುಚ್ಚಿದವಳು ಅವಳೇ. ಅಂದು ಮಾತ್ರ ಏನೂ ಹೇಳಲಿಲ್ಲ.

ಊಟವಾದ ಮೇಲೆ ಎರ್ಮೆಸೆನ್ ತನ್ನ ಔಷಧಿಯ ಕೋಣೆಯಲ್ಲಿ ಕೂತು, ಈ ತಾತ ಎರಡು ದಿನ ಕಣ್ಣುಬಿಡದೆ ಮಲಗಿಬಿಟ್ಟರೆ ಸಾಕಿತ್ತು, ಪಾದ್ರಿಗಳು ಹೊರಟುಹೋಗುತ್ತಿದ್ದರು ಎಂದು ಸೌರಿನಾಳ ಬಳಿ ನಿಟ್ಟುಸಿರಿಟ್ಟಿದ್ದಳು. ಮಂಡಿನೋವಿಗೆಂದು ಮುದುಕನಿಗೆ ದಿನವೂ ಕೊಡುವ ಒಂದಿಷ್ಟು ಗಸಗಸೆಕಾಯಿ ಕಷಾಯವನ್ನು ಸೌರಿನಾಳೇ ಒಯ್ದು ಕುಡಿಸಿ ಬಂದಿದ್ದಳು. ಬೆಳಿಗ್ಗೆ ಔಷಧಿಯ ಕೋಣೆಗೆ ಹೋದಾಗ ಕಷಾಯದ ಜಾಡಿ ಅರ್ಧಕ್ಕಿಳಿದಿತ್ತು. ಆಮೇಲೆ ಕಂಡದ್ದು ಹೆಣ.

ಐಮೆರಿಕ ಹೆಣದ ಮುಂದೆ ಬಹಳ ಹೊತ್ತು ನಿಲ್ಲಲಿಲ್ಲ. ಸಾಕ್ಷಿ ಸತ್ತರೆ ಲಾಭ ಯಾರಿಗೆ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಹಿಂದಿನ ಸಂಜೆ ಇಸಾರ್ ಮೆಟ್ಟಿಲ ಬಳಿ ಮುದುಕನ ತೋಳು ಹಿಡಿದು ಏನೋ ಬೇಡಿಕೊಳ್ಳುತ್ತಿದ್ದುದನ್ನು ಕಾವಲಿನವರು ಕಂಡಿದ್ದರು. ಅಷ್ಟು ಸಾಕಾಯಿತು. ಇಸಾರನ ಕೈಗೆ ಸರಪಳಿ ಬಿತ್ತು, ಅವನನ್ನು ನೆಲಮಾಳಿಗೆಗೆ ನೂಕಿದರು. ನಾಳೆ ಮುದುಕನನ್ನು ಮಣ್ಣು ಮಾಡಿ ಇವನನ್ನು ಮರಕ್ಕೆ ತೂಗುಹಾಕುವುದು ಎಂದ ಐಮೆರಿಕ.

ಎರ್ಮೆಸೆನ್ ಅಳಲಿಲ್ಲ. ಎಲಿಯಾಸರತ್ತ ತಿರುಗಿ, “ಸ್ವಾಮಿಗಳೇ, ಇವತ್ತು ಒಂದು ದಿನ ಕೊಡಿ. ಕೊಂದವರು ಯಾರು ಅಂತ ಸಂಜೆ ಹೊತ್ತಿಗೆ ಹೇಳ್ತೀನಿ. ನನ್ನಣ್ಣನೇ ಆಗಿದ್ರೆ ಹಗ್ಗ ನಾನೇ ತಂದುಕೊಡ್ತೀನಿ,” ಎಂದಳು. ಎಲಿಯಾಸರು ಒಪ್ಪಿದರು. ದೊರೆಯೂ ಒಪ್ಪಬೇಕಾಯಿತು.

ಎಲ್ಲರೂ ಹೋದ ಮೇಲೆ ಅವಳು ಹೆಣದ ಬಳಿ ಕೂತು ಮೊದಲು ಕಾಲನ್ನು ನೋಡಿದಳು. ಜೋಡಿನ ದಾರಗಳನ್ನು ಒಪ್ಪವಾಗಿ ಗಂಟು ಹಾಕಿತ್ತು. ನಿನ್ನೆ ಕಷಾಯ ತಂದಾಗ ಹೀಗೇ ಇದ್ದನೇ ಎಂದು ಕೇಳಿದಳು. ಇಲ್ಲ, ಬರಿಗಾಲಲ್ಲಿ ಕಂಬಳಿ ಹೊದ್ದು ಕೂತಿದ್ದ ಎಂದಳು ಸೌರಿನಾ. ಎರ್ಮೆಸೆನ್ ಬಟ್ಟಲನ್ನು ಎತ್ತಿ ಮೂಸಿ, ಒಳಗೆ ಬೆರಳಾಡಿಸಿದಳು.

“ಇನ್ನೂ ಒದ್ದೆ ಇದೆ. ಸತ್ತೋನು ಬಟ್ಟಲು ತೊಳೆದಿಡಲ್ಲ, ಸೌರಿನಾ.”

ಸೌರಿನಾಳ ಕಿವಿ ಬಿಸಿಯಾಯಿತು. ನೆಲ ನೋಡಿದಳು.

“ಯಾರು ತೊಳೆದಿದ್ದು?”

“ನಾನೇ, ಅಕ್ಕಾ.”

“ಯಾಕೆ?”

ಸೌರಿನಾ ಕೆಲಸದ ಬಟ್ಟೆಯ ಅಂಚು ಹಿಂಡಿದಳು. ಹೇಳದಿದ್ದರೆ ಇಸಾರ್ ಸಾಯುತ್ತಾನೆ, ಹೇಳಿದರೆ ಅಕ್ಕನ ಮುಖ ನೋಡುವ ಹಾಗಿಲ್ಲ. ಎರ್ಮೆಸೆನ್ ಒತ್ತಾಯ ಮಾಡಲಿಲ್ಲ. ಕೊನೆಗೆ ಅವಳೇ ತಗ್ಗಿದ ದನಿಯಲ್ಲಿ ಕೇಳಿದಳು, “ನಾನು ಅಂದ್ಕೊಂಡ್ಯಾ?”

ಸೌರಿನಾ ಹೌದೆಂದು ತಲೆಯಾಡಿಸಿದಳು. ಹೆಣ ಎದುರಿಗಿದ್ದದ್ದೂ ಮರೆತು ಬಿಕ್ಕಿ ಬಿಕ್ಕಿ ಅತ್ತಳು. ಜಾಡಿ ಇಳಿದದ್ದು, ನಿನ್ನೆಯ ಆ ಮಾತು, ಬಟ್ಟಲು ತೊಳೆದದ್ದು, ಪೆಟ್ಟಿಗೆ ಒರೆಸಿದ್ದು ಎಲ್ಲವನ್ನೂ ಹೇಳಿದಳು. ಎರ್ಮೆಸೆನ್‌ಳ ಮುಖದಲ್ಲಿ ಸಿಟ್ಟು ಕಂಡಿದ್ದರೆ ಸೌರಿನಾಗೆ ಹಗುರವಾಗುತ್ತಿತ್ತು. ಅಲ್ಲಿ ಸಿಟ್ಟಿರಲಿಲ್ಲ. ನಡೆದು ಬಂದ ದಾರಿಯಲ್ಲಿ ಏನನ್ನೋ ಬೀಳಿಸಿಕೊಂಡವಳ ಹಾಗೆ ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ, “ಆ ಬಟ್ಟೆ ಕೊಡು,” ಎಂದಳು.

ಬಟ್ಟೆಯ ಮೇಲಿನ ಕಲೆ ಇನ್ನೂ ಅಂಟುತ್ತಿತ್ತು. ಎರ್ಮೆಸೆನ್ ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದಳು. ಜೇನು. ಅದು ಪೆಟ್ಟಿಗೆಯ ಮೇಲೆ ಹೇಗಿತ್ತು ಎಂದು ಕೇಳಿದಳು. ಸೌರಿನಾ ಕಣ್ಣು ಮುಚ್ಚಿ ನೆನೆದಳು: ಬಳೆಯ ಹಾಗೆ ದುಂಡಗಿತ್ತು. ಬೆರಳಿನಿಂದ ಬರೆದು ತೋರಿಸು ಎಂದಾಗ ಪೆಟ್ಟಿಗೆಯ ಮೇಲೆ ಬರೆದು ತೋರಿಸಿದಳು. ಮರದ ಬಟ್ಟಲನ್ನು ಅದರ ಮೇಲಿಟ್ಟರೆ ಸುತ್ತಲೂ ಎರಡು ಬೆರಳು ಜಾಗ ಉಳಿಯಿತು.

ಎರ್ಮೆಸೆನ್ ಅಲ್ಲಿಂದ ಎದ್ದು ಎಲಿಯಾಸರ ಬಳಿಗೆ ಹೋಗಿ, ಊಟದ ಹೊತ್ತಿನಲ್ಲಿ ಮುದುಕ ಕೇಳಿದ ಪ್ರಶ್ನೆಯನ್ನು ಅವನ ಮಾತಿನಲ್ಲೇ ಮತ್ತೆ ಹೇಳಿಸಿಕೊಂಡಳು. ಕೇಳುತ್ತಿದ್ದ ಹಾಗೆ ಅವಳ ಮುಖದ ರಕ್ತ ಇಂಗಿತು. ಸೌರಿನಾ ಅವಳನ್ನು ಹಾಗೆ ಎಂದೂ ಕಂಡಿರಲಿಲ್ಲ. ನೇರವಾಗಿ ಗಂಡನನ್ನು ಹುಡುಕಿಕೊಂಡು ಹೋಗಿ, ತನಗೆ ಎಲ್ಲ ತಿಳಿಯಿತು, ಅಣ್ಣನನ್ನು ಬಿಟ್ಟುಬಿಡಿ, ಮುದುಕ ಕಾಯಿಲೆಯಿಂದ ಸತ್ತನೆಂದು ಮಣ್ಣು ಮಾಡಿ, ಬೇರೆ ಏನನ್ನೂ ಕೇಳಬೇಡಿ ಎಂದು ಬೇಡಿಕೊಂಡಳು. ಐಮೆರಿಕ ನಕ್ಕ. ಅಣ್ಣನನ್ನು ಉಳಿಸುವ ಉಪಾಯ ಚೆನ್ನಾಗಿದೆ ಎಂದ. ಹೇಳುವುದಿದ್ದರೆ ಊರವರ ಮುಂದೆ, ದೊಡ್ಡ ಹಜಾರದಲ್ಲಿ ಹೇಳಬೇಕು ಎಂದ. ಎಲಿಯಾಸರು ನಡುವೆ ಬಂದು, ಸತ್ತವನ ಕೋಣೆಯೇ ಸಾಕು, ಸಂಬಂಧಪಟ್ಟವರಷ್ಟೇ ಸಾಕು ಎಂದರು. ಐಮೆರಿಕನ ಪಾಲಿಗೆ ಆ ದಿನ ಯಾರಾದರೂ ಮಾಡಿದ ದೊಡ್ಡ ಉಪಕಾರ ಅದು. ಆಗ ಅವನಿಗೆ ಗೊತ್ತಿರಲಿಲ್ಲ.

ಹೊತ್ತಿಳಿಯುವಾಗ ಆ ಚಿಕ್ಕ ಕೋಣೆಯಲ್ಲಿ ಆರು ಜನ ಸೇರಿದರು. ಹೆಣವನ್ನು ಇಗರ್ಜಿಗೆ ಒಯ್ದಿದ್ದರು. ಬ್ರೂನಿಸೆಂದಾ ಕುರ್ಚಿಯಲ್ಲಿ, ಎಲಿಯಾಸರು ಪೆಟ್ಟಿಗೆಯ ಪಕ್ಕದಲ್ಲಿ, ಐಮೆರಿಕ ಕಿಟಕಿಗೆ ಬೆನ್ನು ಕೊಟ್ಟು. ಇಸಾರ್ ಸರಪಳಿ ಹೊತ್ತು ನಿಂತಿದ್ದ. ಸೌರಿನಾ ಬಾಗಿಲಿಗೆ ಒರಗಿದ್ದಳು.

“ತಾತ ಸತ್ತಿದ್ದು ಗಸಗಸೆಕಾಯಿ ಕಷಾಯದಿಂದ. ಅದು ನನ್ನ ಜಾಡಿಯದೇ,” ಎಂದು ಎರ್ಮೆಸೆನ್ ಶುರುಮಾಡಿದಳು. “ದಿನದ ಪಾಲನ್ನ ಸೌರಿನಾ ಕುಡಿಸಿದ್ಲು. ಅದರಿಂದ ಯಾರೂ ಸಾಯಲ್ಲ. ಆಮೇಲೆ ಇನ್ನೊಬ್ಬರು ಬಂದು ಇನ್ನೊಂದು ಲೋಟ ಕೊಟ್ಟಿದ್ದಾರೆ. ಅದರ ಗುರುತು ಈ ಪೆಟ್ಟಿಗೆ ಮೇಲಿತ್ತು. ಅಗಲ ಅಡಿಯ ಲೋಟ. ಅಂಥ ತವರದ ಲೋಟ ಇರೋದು ನಮ್ಮ ಮೇಜಿನ ಮೇಲೆ ಮಾತ್ರ. ಆಳುಗಳು ಕುಡಿಯೋದು ಮರದ ಬಟ್ಟಲಲ್ಲಿ.”

“ನಿನ್ನಣ್ಣನೂ ನಮ್ಮ ಮೇಜಿನಲ್ಲೇ ಕುಡಿದ,” ಎಂದ ಐಮೆರಿಕ.

“ಕುಡಿದ. ನೀವೂ ಕುಡಿದ್ರಿ, ನಾನೂ ಕುಡಿದೆ. ಆ ಲೋಟದಲ್ಲಿ ಜೇನು ಹಾಕಿತ್ತು. ತಾತನ ಹುಳುಕು ಹಲ್ಲಿಗೆ ನಾನೇ ಮದ್ದು ಹಾಕೋಳು. ಸಿಹಿ ತಾಕಿದ್ರೆ ಅವನಿಗೆ ಪ್ರಾಣ ಹೋಗೋಷ್ಟು ನೋವಾಗುತ್ತೆ ಅಂತ ನನಗೆ ಗೊತ್ತು. ನಾನು ಕೊಟ್ಟಿದ್ರೆ ಜೇನು ಹಾಕ್ತಿರಲಿಲ್ಲ.”

“ಇಸಾರನಿಗೆ ಅದು ಗೊತ್ತಿರಲಿಲ್ವಲ್ಲ?”

“ಇಸಾರಣ್ಣ ನಿನ್ನೆ ಬಂದೋನು. ನನ್ನ ಔಷಧಿ ಕೋಣೆ ಎಲ್ಲಿದೆ ಅಂತಾನೇ ಅವನಿಗೆ ಗೊತ್ತಿಲ್ಲ. ನಲವತ್ತು ಜಾಡಿಗಳಲ್ಲಿ ಗಸಗಸೆಯದು ಯಾವುದು ಅಂತ ಹೇಗೆ ಗೊತ್ತಾಗ್ಬೇಕು? ಅದಿರಲಿ. ತಂಗಿ ಸಂಸಾರ ಮುರಿಯೋಕೆ ಸಾಕ್ಷಿ ಹೇಳ್ತಿದ್ದಾನೆ ಅಂತ ಜಗಳ ಆಡಿದೋನು ತಂದುಕೊಟ್ಟ ಲೋಟವನ್ನ, ಹಲ್ಲು ನೋಯ್ತಿದ್ರೂ, ತಾತ ಕೊನೇ ಗುಟುಕಿನವರೆಗೂ ಕುಡೀತಿದ್ನಾ?”

ಎಲಿಯಾಸರು ತಲೆದೂಗಿದರು. ಉಳಿದವರು ಇಬ್ಬರು. ಐಮೆರಿಕನಿಗೆ ಅದು ಹೊಳೆಯುವ ಮೊದಲೇ ಎರ್ಮೆಸೆನ್ ಮುಂದೆ ಹೇಳಿದಳು, “ನಿಮಗೆ ಸಾಕ್ಷಿ ಬೇಕಿತ್ತು. ನೀವು ಕೊಲ್ಲಲ್ಲ. ಇನ್ನು ಜೋಡಿನ ವಿಷಯ. ಸೌರಿನಾ ಬಂದಾಗ ತಾತ ಬರಿಗಾಲಲ್ಲಿದ್ದ. ಅವಳು ಹೋದ ಮೇಲೆ ಆ ನೋಯೋ ಮಂಡಿ ಬಗ್ಗಿಸಿ ಜೋಡು ಕಟ್ಕೊಂಡಿದ್ದಾನೆ, ಪಟ್ಟಿ ಬಿಗ್ಕೊಂಡಿದ್ದಾನೆ. ಎಲ್ಲೋ ಹೊರಟಿದ್ದ ಅಂತ ಅನ್ಸುತ್ತೆ. ಎಲ್ಲೂ ಹೊರಟಿರಲಿಲ್ಲ. ಬಾಗಿಲಿಗೆ ಬಂದೋರ ದನಿ ಕೇಳಿ ಹಾಗೆ ಮಾಡಿದ. ನನ್ನೆದುರು ಅವನು ಯಾವತ್ತೂ ಜೋಡು ಹಾಕ್ಕೊಂಡಿಲ್ಲ, ಅವನ ಕಾಲು ತಿಕ್ಕೋಳೇ ನಾನು. ನೀವು ಅವನ ಹೆಗಲ ಮೇಲೆ ಬೆಳೆದೋರು. ಈ ಮನೇಲಿ ಅವನು ಬರಿಗಾಲಲ್ಲಿ ನಿಲ್ಲದೇ ಇದ್ದಿದ್ದು ಒಬ್ಬರ ಮುಂದೆ ಮಾತ್ರ.”

ಅವಳು ಹೆಸರು ಹೇಳಲಿಲ್ಲ. ಕುರ್ಚಿ ಕಿರುಗುಟ್ಟಿತು.

“ಸಾಕು, ಎರ್ಮೆಸೆನ್,” ಎಂದಳು ಬ್ರೂನಿಸೆಂದಾ. “ಕೊಟ್ಟಿದ್ದು ನಾನು. ಎರಡು ದಿನ ಮಲಗಿರ್ಲಿ ಅಂದ್ಕೊಂಡೆ, ಅಷ್ಟೇ. ಆಗಲೇ ಒಂದು ಪಾಲು ಕುಡಿದಿದ್ದ ಅಂತ ಗೊತ್ತಿರಲಿಲ್ಲ. ಅವನೂ ಹೇಳಲಿಲ್ಲ. ನಾನು ಕೊಟ್ಟಿದ್ದನ್ನ ಅವನು ಯಾವತ್ತೂ ಬೇಡ ಅಂದೋನಲ್ಲ.”

ಐಮೆರಿಕ ಕಿಟಕಿಯಿಂದ ಈಚೆ ಬಂದ. “ಯಾಕಮ್ಮಾ? ಇವಳನ್ನ ಬಿಡು, ಇನ್ನೊಬ್ಬಳನ್ನ ತಾ ಅಂತ ನನ್ನ ತಲೆ ತಿಂದಿದ್ದು ನೀನೇ ಅಲ್ವಾ?”

“ಇಲ್ಲಿಗೆ ಬಿಡಿ,” ಎಂದಳು ಎರ್ಮೆಸೆನ್. “ದಮ್ಮಯ್ಯ. ಇದಕ್ಕಿಂತ ಮುಂದೆ ಕೇಳಬೇಡಿ.”

“ಕೇಳ್ತೀನಿ. ಎಲ್ಲಾ ಹೇಳ್ಬೇಕು.”

ಎರ್ಮೆಸೆನ್ ಅತ್ತೆಯ ಕಡೆ ನೋಡಿದಳು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು. “ಹಳಬರಿಂದ ಶುರುಮಾಡಿ ಒತೋನ್ ದೊರೆಗಳ ಹತ್ರ ನಿಲ್ಲಿಸ್ಲಾ ಅಂತ ತಾತ ಕೇಳಿದ್ದ,” ಎಂದಳು ಮೆಲ್ಲಗೆ. “ಏಣಿಯ ಮೇಲಿನ ಮೆಟ್ಟಿಲುಗಳೆಲ್ಲ ನಿಜ, ಅದರ ಮೇಲೆ ಅವನು ಪ್ರಮಾಣ ಮಾಡ್ತಿದ್ದ. ಅವನಿಗೆ ಆಗದೇ ಇದ್ದಿದ್ದು ಕೆಳಗಿನ ಒಂದು ಮೆಟ್ಟಿಲು. ಸಂತರ ಅಸ್ಥಿ ಮುಟ್ಟಿ ಸುಳ್ಳು ಹೇಳೋಕೆ ಅವನಿಂದ ಆಗ್ತಿರಲಿಲ್ಲ. ನಿಜ ಹೇಳೋಕೂ ಆಗ್ತಿರಲಿಲ್ಲ.”

ಐಮೆರಿಕನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾಗುತ್ತಿದ್ದುದನ್ನು ಸೌರಿನಾ ಅವನ ಮುಖದಲ್ಲಿ ಕಂಡಳು, ಕಾಣಬಾರದಿತ್ತೆಂದು ಬೇರೆ ಕಡೆ ತಿರುಗಿದಳು.

“ಏಳು ವರ್ಷ ನನಗೆ ಮಕ್ಕಳಾಗಲಿಲ್ಲ,” ಎಂದಳು ಬ್ರೂನಿಸೆಂದಾ ಕಣ್ಣು ತೆರೆಯದೆ. “ಒತೋನ್ ದೊರೆ ನನ್ನನ್ನೂ ಬಿಡೋಕೆ ಹೊರಟಿದ್ರು. ನನಗೂ ಯಾವುದೋ ಮುತ್ತಜ್ಜಿಯನ್ನ ಹುಡುಕಿದ್ರು. ಬೀದಿಪಾಲಾಗ್ತೀನಿ ಅಂತ ಅಳ್ತಿದ್ದೆ. ಅಳಬೇಡಿ ಅಂದೋನು ಈ ಕೋಟೆಯಲ್ಲಿ ಅವನೊಬ್ಬನೇ. ಆಮೇಲೆ ನೀನು ಹುಟ್ಟಿದೆ. ಯಾರೂ ನನ್ನನ್ನ ಬಿಡಲಿಲ್ಲ.” ಸ್ವಲ್ಪ ತಡೆದು, “ನಿನ್ನೆ ನೀನು ಅವನನ್ನ ನಾಯಿ ಅಂದೆ. ಲೋಟ ಹಿಡ್ಕೊಂಡು ಹೋದಾಗ ಏನಂದ ಗೊತ್ತಾ? ಹುಡುಗ ದಣಿದಿದ್ದ, ಬೈದ್ರೆ ಬೈಲಿ ಬಿಡಿ ಅಂದ,” ಎಂದಳು.

ಎಲಿಯಾಸರು ಎದ್ದರು. ಅರ್ಜಿ ಇಲ್ಲಿಗೇ ನಿಂತರೆ ಈ ಕೋಣೆಯಲ್ಲಿ ಕೇಳಿದ್ದನ್ನು ತಾವು ಪಾಪನಿವೇದನೆ ಎಂದೇ ತಿಳಿಯುವುದಾಗಿಯೂ ಅದು ಈ ಬಾಗಿಲು ದಾಟದೆಂದೂ ಹೇಳಿದರು. ಆಮೇಲೆ ದೊರೆಯತ್ತ ತಿರುಗಿ, “ರಕ್ತಸಂಬಂಧ ಇದೆ ಅಂತ ಅರ್ಜಿ ಕೊಟ್ರಿ. ಇಲ್ಲ ಅಂತ ಈಗ ನನಗೆ ಗೊತ್ತಾಗಿದೆ. ನಿಮ್ಮ ಮದುವೆಗೆ ಒಂದು ಕುಂದೂ ಇಲ್ಲ. ಈ ತೀರ್ಪನ್ನ ಕಾರಣ ಸಮೇತ ಬರೀಲಾ, ಅರ್ಜಿ ನೀವೇ ವಾಪಸ್ ತಗೋತೀರಾ?” ಎಂದು ಕೇಳಿದರು.

ಕಾರಣ ಬರೆದರೆ ಐಮೆರಿಕನಿಗೆ ಕೋಟೆಯಿಲ್ಲ, ನೆಲವಿಲ್ಲ, ಒತೋನನ ಹೆಸರೂ ಇಲ್ಲ. ಅವನು ತುಟಿಯಲ್ಲೇ ವಾಪಸ್ಸು ಎಂದ. ಹೆಂಡತಿಯ ಕಡೆ ನೋಡಲಿಲ್ಲ. ಅವಳು ಒಂದೇ ಒಂದು ಮಾತನ್ನು ಜೋರಾಗಿ ಆಡಿದ್ದರೆ ಅವನು ಬಯಲಿಗೆ ಬೀಳುತ್ತಿದ್ದ. ಬೆಳಗಿನಿಂದ ಅವಳು ಬಾಯಿ ಕಟ್ಟಿಕೊಂಡು ಬೇಡಿಕೊಂಡದ್ದು ಅದಕ್ಕೇ ಎಂದು ಅವನಿಗೆ ಈಗ ತಿಳಿದಿತ್ತು. ಬೀಗದಕೈ ತೆಗೆದು ಇಸಾರನ ಸರಪಳಿಯನ್ನು ತಾನೇ ಬಿಚ್ಚತೊಡಗಿದ. ಎರಡು ಸಲ ತುರುಕಿದರೂ ಬೀಗದಕೈ ಬೀಗಕ್ಕೆ ಕೂರಲಿಲ್ಲ.

“ಕೊಡಿ ಭಾವ, ನಾನೇ ತೆಗೀತೀನಿ,” ಎಂದ ಇಸಾರ್. ಆ ಮಾತಿನಲ್ಲಿ ಹಂಗಿಸುವ ದನಿ ಇರಲಿಲ್ಲ. ಐಮೆರಿಕ ಇನ್ನಷ್ಟು ಕುಗ್ಗಿದ.

ಎರಡು ಕೈಗಳು ಒಂದಕ್ಕೊಂದು ತಿಳಿಯದೆ ಒಂದೇ ಮದ್ದನ್ನು ಎರಡು ಸಲ ಕೊಟ್ಟವು, ಮುದುಕನಿಗೆ ತಡೆಯಲಿಲ್ಲ ಎಂದು ಕೋಟೆಯವರಿಗೆ ಹೇಳಲಾಯಿತು. ಅದು ಸುಳ್ಳೂ ಆಗಿರಲಿಲ್ಲ. ಮರುದಿನ ಮಣ್ಣಿಗೊಯ್ಯುವಾಗ ಚಟ್ಟದ ಮುಂದಿನ ಕಂಬಿಗೆ ಐಮೆರಿಕ ಹೆಗಲು ಕೊಟ್ಟ. ಆಳಿಗೆ ಹೆಗಲು ಕೊಡುವ ದೊರೆಯನ್ನು ನಾವು ಕಂಡಿಲ್ಲ ಎಂದು ಜನ ಹೊಗಳಿದರು. ಹೊಗಳಿಕೆ ಕೇಳಿದಷ್ಟೂ ಅವನ ತಲೆ ತಗ್ಗಿತು. ಸೌರಿನಾ ಅವನ ಕಿವಿ ಕೆಂಪಾಗಿದ್ದನ್ನು ನೋಡಿದಳು. ನಿನ್ನೆಯಿಂದ ತನ್ನ ಕಿವಿಯೂ ಹಾಗೇ ಇತ್ತು. ಬ್ರೂನಿಸೆಂದಾ ಕುಣಿಯ ಬಳಿಯಿಂದಲೇ ಬರಿಗಾಲಲ್ಲಿ ಸನ್ಯಾಸಿನಿಯರ ಮಠದ ದಾರಿ ಹಿಡಿದಳು. ಎಲಿಯಾಸರು ವಿಧಿಸಿದ್ದು ಒಂದು ವರ್ಷ, ಅವಳು ಕೇಳಿಕೊಂಡದ್ದು ಸಾಯುವತನಕ.

ಆ ಮಧ್ಯಾಹ್ನ ಎರ್ಮೆಸೆನ್ ಔಷಧಿಯ ಕೋಣೆಯಲ್ಲಿ ಬೇರು ಕುಟ್ಟುತ್ತಿದ್ದಳು. ಸೌರಿನಾ ಎಲೆ ಬಿಡಿಸುತ್ತಿದ್ದಳು.

“ಅಕ್ಕಾ, ನನ್ನನ್ನ ತವರಿಗೆ ಕಳಿಸಿಬಿಡು,” ಎಂದಳು ಸೌರಿನಾ.

“ಯಾಕೆ? ನಾನು ಕೊಂದೆ ಅಂದ್ಕೊಂಡೂ ನನ್ನ ಕಡೆ ನಿಂತ್ಯಲ್ಲ, ಅದಕ್ಕಾ?” ಎರ್ಮೆಸೆನ್ ಕುಟ್ಟುವುದನ್ನು ನಿಲ್ಲಿಸಲಿಲ್ಲ. “ನೋವಾಯ್ತು. ಇಲ್ಲ ಅನ್ನಲ್ಲ. ಇನ್ನೂ ಇದೆ. ಇಲ್ಲೇ ಇರು, ಹೋಗುತ್ತೆ.”

ಬಾಗಿಲಲ್ಲಿ ನೆರಳು ಬಿತ್ತು. ಐಮೆರಿಕ ನಿಂತಿದ್ದ. ಕುಣಿ ಮುಚ್ಚಿದ ಮಣ್ಣು ಮೊಣಕೈವರೆಗೆ ಇತ್ತು. ಇಷ್ಟು ವರ್ಷದಲ್ಲಿ ಆ ಕೋಣೆಗೆ ಬರಬೇಕಾದಾಗೆಲ್ಲ ಬಾಗಿಲನ್ನು ಕಾಲಿನಿಂದ ತಳ್ಳಿಕೊಂಡು ಬಂದವನು, ಈಗ ಹೊಸಲಿನಾಚೆ ನಿಂತು, ಪರವೂರಿನ ರೋಗಿಯ ಹಾಗೆ ಕೇಳಿದ, “ಒಳಗೆ ಬರಬಹುದಾ?”

ಎರ್ಮೆಸೆನ್‌ಳ ಒರಳಿನ ಸದ್ದು ನಡೆದೇ ಇತ್ತು. ಅವನು ಕಾಯುತ್ತ ನಿಂತ. ಬೇರು ಪೂರಾ ಪುಡಿಯಾದ ಮೇಲೆ ಅವಳು ಕೈ ಒರೆಸಿಕೊಂಡು, ಅವನ ಮುಖ ನೋಡದೆ ಹೇಳಿದಳು:

“ಸೌರಿನಾ, ಆ ಬೆಂಚಿನ ಮೇಲಿನ ಬುಟ್ಟಿ ತೆಗಿ. ಅವರು ಕೂರ್ಲಿ.”